ಮೇಸ್ತ್ರಿ ತೊಳೆದ ಮೆಷಿನ್

ಮ್ಯಾನೇಜರು ಬೆಳಿಗ್ಗೆಯೇ ಹೇಳಿದ್ದರು: "ಮೇಸ್ತ್ರಿಗಳೇ, ಇವತ್ತು ನೀವು ಮೆಷಿನ್ ಹತ್ತಿರ ಸುಳೀಬೇಡಿ. ನನ್ನ ಆಫೀಸಲ್ಲಿ ಆರಾಮಾಗಿ ಕೂತಿರಿ. ಯಾಕೆ ಅಂತ ಸಂಜೆ ಹೇಳ್ತೀನಿ." ಅಷ್ಟು ಹೇಳಿ ಯಾರೋ ದೊಡ್ಡ ಗಿರಾಕಿಗಳನ್ನು ಕರೆತರಲು ಹೊರಟುಹೋದರು. ಬೇರೆ ಯಾರಾದರೂ ಆಗಿದ್ದರೆ ಕಾಲು ಚಾಚಿ ಒಂದು ನಿದ್ದೆ ತೆಗೆಯುತ್ತಿದ್ದರು. ಮೇಸ್ತ್ರಿಗೆ ಮಾತ್ರ ಮುಳ್ಳಿನ ಮೇಲೆ ಕೂತಂತಾಯಿತು.

ಕಾರ್ಖಾನೆಯಲ್ಲಿ ಇಷ್ಟು ವರ್ಷ ಹಂದಿಮಾಂಸ ಅರೆಯುತ್ತಿದ್ದ ದೊಡ್ಡ ಮೆಷಿನ್ ಇನ್ನು ಮುಂದೆ ಹಲಾಲ್ ಕೋಳಿಮಾಂಸ ಅರೆಯಬೇಕು. ಅದಕ್ಕೆ ಮೊದಲು ಮೌಲ್ವಿ ಸಾಹೇಬರ ಕಣ್ಣೆದುರು ಅದನ್ನು ಏಳು ಸಲ ತೊಳೆಯಬೇಕು. ಆ ಕೆಲಸ ಸಿಕ್ಕಿದ್ದು ಯಾರಿಗೆ? ಮೇಸ್ತ್ರಿಯ ಷಡ್ಡಕನಿಗೆ! ಅವನು ನಾದಿನಿಯ ಕೈಹಿಡಿದ ದಿನದಿಂದ ಹೆಂಡತಿಯ ಬಾಯಲ್ಲಿ ಅವನ ಗುಣಗಾನ ಕೇಳಿ ಕೇಳಿ ಮೇಸ್ತ್ರಿಯ ಕಿವಿ ತೂತುಬಿದ್ದಿತ್ತು.

"ತೊಳೆದವನಿಗೇ ಹೊಸ ಲೈನಿನ ಸೂಪರ್‌ವೈಸರ್ ಕೆಲಸವಂತೆ!" ಪ್ಯಾಕಿಂಗಿನ ಅಕ್ಕ ಬಾಗಿಲಲ್ಲಿ ಇಣುಕಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಮತ್ತೆ ನಿಮ್ಮನ್ನ ಯಾಕೆ ಇಲ್ಲಿ ಕೂರಿಸಿದಾರೆ ಅನ್ಕೊಂಡ್ರಿ?"

ಆ ಕೆಲಸಕ್ಕಾಗಿ ಮೇಸ್ತ್ರಿ ಬಾಯಿಬಿಟ್ಟುಕೊಂಡು ಕಾದಿದ್ದ. ಹೊಟ್ಟೆಗೆ ಕಿಚ್ಚು ಬಿತ್ತು. ಎದ್ದು ಹೋಗಿ ನೋಡಿದರೆ, ಷಡ್ಡಕ ಮೆಷಿನ್‌ಗೆ ಕೆಸರು ಬಳಿಯುತ್ತಿದ್ದಾನೆ!

"ಸಾಹೇಬ್ರೇ, ನೋಡ್ತಾ ನಿಂತಿದೀರಲ್ಲ! ತೊಳಿ ಅಂದ್ರೆ ಮಣ್ಣು ಮೆತ್ತುತಿದಾನೆ ಇವನು!"

ಮೌಲ್ವಿ ಸಾಹೇಬರು ನಕ್ಕರು. "ಏಳರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಲ್ಲೇ ತೊಳೀಬೇಕು, ಮೇಸ್ತ್ರಿಗಳೇ."

ಷಡ್ಡಕನೂ ಹಲ್ಲು ಕಿರಿದ. ಮೇಸ್ತ್ರಿಗೆ ಅದನ್ನು ಸಹಿಸಲಾಗಲಿಲ್ಲ. ಮೆಷಿನಿನೊಳಗೆ ತೋಳಿನವರೆಗೆ ಕೈ ತೂರಿಸಿ, ಬ್ಲೇಡಿನ ಹಿಂದೆ ಅಡಗಿದ್ದ ಹಳೆಯ ಕೊಬ್ಬಿನ ಮುದ್ದೆ ಕಿತ್ತು ಹಿಡಿದ.

"ಅಯ್ಯೋ, ಹಾಗಾದ್ರೆ ಪೂರ್ತಿ ಬಿಚ್ಚಿ ಮೊದಲಿಂದ ತೊಳೀಬೇಕು," ಎಂದರು ಮೌಲ್ವಿ.

"ನಾನೇ ತೊಳೀತೀನಿ. ಏನಯ್ಯಾ, ಪೈಪ್ ಇಲ್ಲಿ ಕೊಡು. ನೀನು ಹೋಗಿ ಸ್ನಾನ ಮಾಡ್ಕೊಂಡು ಟೀ ಕುಡಿ, ಹೋಗು!"

"ಭಾವಾ, ಮ್ಯಾನೇಜರು ನಿಮಗೆ ಬೇಡ ಅಂದಿದ್ರಲ್ಲ..."

"ನಿನ್ನನ್ನ ಕೇಳಿಲ್ಲ ನಾನು!"

ಮೇಸ್ತ್ರಿ ಮಗುವಿಗೆ ಎಣ್ಣೆಸ್ನಾನ ಮಾಡಿಸುವಂತೆ ಒಂದೊಂದು ಮೂಲೆಯನ್ನೂ ಉಜ್ಜಿದ. ಸೊಂಟ ಬಿದ್ದುಹೋಯಿತು. ಮೆಷಿನಿನಿಂದ ಹೋದ ಕೊಬ್ಬು, ಕೆಸರೆಲ್ಲ ಅವನ ಮೈಗೆ ಹತ್ತಿತು. ಸಂಜೆ ಮೌಲ್ವಿ ಸಾಹೇಬರು ಬಿಳಿ ಬಟ್ಟೆಯಿಂದ ಒರೆಸಿ ನೋಡಿ "ಭೇಷ್!" ಎಂದಾಗ ಮೇಸ್ತ್ರಿ ಎದೆಯುಬ್ಬಿಸಿ ನಿಂತ.

ಅದೇ ಹೊತ್ತಿಗೆ ಮ್ಯಾನೇಜರು ಗಿರಾಕಿಗಳ ಜೊತೆ ಬಂದರು. ಮೇಸ್ತ್ರಿಯನ್ನು ಕಂಡು ಅವರ ಮುಖ ಕಪ್ಪಿಟ್ಟಿತು.

"ಇದೇನ್ರೀ ಅವತಾರ! ಇವರ ಮುಂದೆ ಮೊದಲ ಬ್ಯಾಚ್ ಓಡಿಸೋರೇ ಸೂಪರ್‌ವೈಸರ್ ಅಂತ ತೀರ್ಮಾನ ಆಗಿತ್ತು. ಓಡಿಸೋರು ನೀವೇ ಅಂತ ತಾನೇ ನಿಮ್ಮನ್ನ ಶುಚಿಯಾಗಿ ಒಳಗೆ ಕೂರಿಸಿದ್ದು!"

"ಸ್ವಾಮಿ, ಒಂದೇ ನಿಮಿಷ, ಸ್ನಾನ ಮಾಡಿ..."

"ಅವರ ವಿಮಾನಕ್ಕೆ ಹೊತ್ತಾಯ್ತು!"

ಮ್ಯಾನೇಜರು ದಿಕ್ಕು ತೋಚದೆ ಸುತ್ತ ನೋಡಿದರು. ಕ್ಯಾಂಟೀನಿನ ಬಾಗಿಲಲ್ಲಿ ಷಡ್ಡಕ ತಲೆ ಬಾಚಿಕೊಂಡು, ಒಗೆದ ಬಿಳಿ ಬಟ್ಟೆಯಲ್ಲಿ ಟೀ ಹೀರುತ್ತಾ ನಿಂತಿದ್ದ.

ಮ್ಯಾನೇಜರು ಕರೆದದ್ದೇ ತಡ, ಅವನು ಬಂದು ಸ್ವಿಚ್ ಒತ್ತಿದ. ಅಷ್ಟು ಚೆನ್ನಾಗಿ ತೊಳೆದಿದ್ದ ಮೆಷಿನ್ ಒಂದಿಷ್ಟೂ ಕೊಸರಾಡದೆ ಓಡಿತು. ಗಿರಾಕಿಗಳು ಚಪ್ಪಾಳೆ ತಟ್ಟಿ ಅವನ ಕೈ ಕುಲುಕಿದರು. ಮೇಸ್ತ್ರಿ ಮೆಷಿನ್ ಕೋಣೆಯ ಗಾಜಿನಾಚೆ ನಿಂತು ಎಲ್ಲವನ್ನೂ ನೋಡಿದ.

ಷಡ್ಡಕ ಓಡಿಬಂದ. "ಭಾವಾ, ನಿಮ್ಮ ಋಣ ತೀರಿಸೋಕಾಗಲ್ಲ! ಆಗಲೇ ನಿಮ್ಮ ಮನೆಗೂ ಫೋನ್ ಮಾಡಿ ಹೇಳ್ಬಿಟ್ಟೆ. ನಿಮ್ಮ ಮನೆಯವರಂತೂ ಖುಷಿಯಿಂದ ಕುಣಿದಾಡಿಬಿಟ್ರು!"