ವಿಮಾನಕ್ಕೆ ಹರಳೆಣ್ಣೆ

ಶನಿವಾರ ಸಂಜೆ ಕೊರಿಯರ್‌ನವನು ಬಂದಾಗ ಶಶಿಕಾಂತ್ ಮನೆಯಲ್ಲಿ ಇಲ್ಲದೆ ಹೋದದ್ದೇ ಇಷ್ಟೆಲ್ಲ ರಾಮಾಯಣಕ್ಕೆ ಕಾರಣ. ಅವನು ಜಯನಗರದ ತನ್ನ ಟೈಲ್ಸ್ ಅಂಗಡಿಯಲ್ಲಿ, ಬಚ್ಚಲಮನೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಒಬ್ಬ ಗಿರಾಕಿಗೆ ಎರಡು ಗಂಟೆಯಿಂದ ವಿವರಿಸುತ್ತಿದ್ದ. ಕೊರಿಯರ್‌ನವನು ಪೊಟ್ಟಣವನ್ನು ಕೆಳಗಿನ ಮನೆಯ ಸೊಣ್ಣಮ್ಮನ ಕೈಗೆ ಕೊಟ್ಟು ಹೋದ. ಸೊಣ್ಣಮ್ಮನ ಕೈಸೇರಿದ ವಸ್ತು ಇಡೀ ಬೀದಿಯ ಸ್ವತ್ತು ಎಂಬುದು ಪುಟ್ಟೇನಹಳ್ಳಿಯ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪೊಟ್ಟಣದಲ್ಲಿ ಇದ್ದದ್ದು ವಿಮಾನದ ಇಂಜಿನ್ ಎಣ್ಣೆಗೆ ಬೆರೆಸುವ, ತುಕ್ಕು ತಡೆಯುವ ಔಷಧ. ಟೈಲ್ಸ್ ಮಾರುವವನಿಗೆ ಇದೇಕೆ ಎಂದು ನೀವು ಕೇಳಬಹುದು. ಶಶಿಕಾಂತನಿಗೆ ಒಂದು ವಿಮಾನ ಇತ್ತು. ಪೂರ್ತಿಯಲ್ಲ, ಮೂರರಲ್ಲಿ ಒಂದು ಪಾಲು. ಇನ್ನೊಂದು ಪಾಲು ಸೊಣ್ಣಮ್ಮನ ಗಂಡ ರಾಮಯ್ಯನವರದು. ಅವರು ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದರು. ಮೂರನೆಯ ಪಾಲು ಎದುರುಮನೆಯ ಮದುವೆ ಫೋಟೋಗ್ರಾಫರ್ ಕಿಟ್ಟಿಯದು. ಮುಚ್ಚಿಹೋದ ಯಾವುದೋ ವಿಮಾನ ಶಾಲೆಯ ನಾಲ್ಕು ಸೀಟಿನ ಹಳೆಯ ವಿಮಾನ ಮಾರಾಟಕ್ಕಿದೆ ಎಂದು ಒಂದು ಮದುವೆಯ ಪಂಕ್ತಿಯಲ್ಲಿ ಸುದ್ದಿ ಬಂತು. ಎರಡನೇ ಸಲ ಹೋಳಿಗೆ ಬರುವಷ್ಟರಲ್ಲಿ ಮೂವರೂ ಕೊಳ್ಳುವುದೆಂದು ತೀರ್ಮಾನಿಸಿದ್ದರು. ವಿಮಾನ ಆನೇಕಲ್ಲಿನ ಆಚೆ ಒಂದು ಸಣ್ಣ ಮೈದಾನದಲ್ಲಿತ್ತು. ಅದನ್ನು ನೋಡಿಕೊಳ್ಳಲು, ಹಾರಿಸಲು ಮೋಹಿತ್ ಎಂಬ ಪೈಲಟ್ ಇದ್ದ.

ಕೊಂಡ ಮಾರನೆಯ ದಿನವೇ ಜಗಳ ಶುರುವಾಯಿತು. ಸಣ್ಣ ವಿಮಾನದ ಇಂಜಿನ್ ಸುಮ್ಮನೆ ನಿಂತರೆ ಒಳಗೇ ತುಕ್ಕು ಹಿಡಿಯುತ್ತದಂತೆ, ಎಣ್ಣೆಗೆ ಔಷಧ ಬೆರೆಸಲೇಬೇಕು ಎಂದು ಕಿಟ್ಟಿ ಹಟ ಹಿಡಿದ. ಬೆರಕೆ ಎಣ್ಣೆ ಬಿಟ್ಟರೆ ಎತ್ತಿನ ಗಾಡಿಯ ಅಚ್ಚೂ ಕೆಡುತ್ತದೆ ಎಂದು ರಾಮಯ್ಯನವರು ಪಟ್ಟು ಹಿಡಿದರು. ಇದು ಇತ್ಯರ್ಥವಾಗುವವರೆಗೆ ಯಾರೂ ಹಾರಬಾರದು, ಪ್ರತಿ ಶುಕ್ರವಾರ ಮೋಹಿತ್ ಪೂಜೆ ಮಾಡಿ ಹತ್ತು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಲಿ ಎಂದು ಶಶಿಕಾಂತ್ ನಿಯಮ ಮಾಡಿದ. ಅವನೇ ಕಾರ್ಯದರ್ಶಿ. ಹೀಗೆ ಹದಿನಾಲ್ಕು ತಿಂಗಳು ಕಳೆಯಿತು.

ಪಾಪ, ನಿಯಮದಿಂದ ಹೆಚ್ಚು ನರಳಿದವನು ಅವನೇ. ಮೊದಲ ಸವಾರಿ ನಿನಗೇ ಎಂದು ಹೆಂಡತಿ ಐಶ್ವರ್ಯಳಿಗೆ ಮಾತು ಕೊಟ್ಟಿದ್ದ. ಅವಳು ಅದನ್ನು ತನ್ನ ಮೂವರು ಅಕ್ಕಂದಿರಿಗೂ ಹೇಳಿದ್ದಳು. ಈಗ ಹಾಲಿನವನೂ “ಏನ್ ಸಾರ್, ಹಾರ್ತಾ?” ಎಂದು ಕೇಳುವಂತಾಗಿತ್ತು. ಇದರ ನಡುವೆ ಕನಕಪುರ ರಸ್ತೆಯ ಹೋಟೆಲಿನವನೊಬ್ಬ, ವಿಮಾನ ಕೊಟ್ಟರೆ ತಾರಸಿಯ ಮೇಲೆ ನಿಲ್ಲಿಸಿ ಒಳಗೆ ಮಸಾಲೆ ದೋಸೆ ಕೊಡುತ್ತೇನೆ ಎಂದು ದುಂಬಾಲು ಬಿದ್ದಿದ್ದ. ಕೊನೆಗೆ ಮೂವರೂ ಒಪ್ಪಿದ್ದು ಇಷ್ಟು: ಭಾನುವಾರ ಹಿರಿಯ ಇಂಜಿನಿಯರ್ ವಿಜಯಕುಮಾರ್ ಬಂದು ಇಂಜಿನ್ ಒಳಗೆ ನೋಡಲಿ. ತುಕ್ಕು ಇದ್ದರೆ ವಿಮಾನ ದೋಸೆಯವನಿಗೆ. ಇಲ್ಲದಿದ್ದರೆ ಔಷಧ ಹಾಕಿ ಅವತ್ತೇ ಶಶಿಕಾಂತ್ ದಂಪತಿಗಳ ಹಾರಾಟ.

ಆ ಭಾನುವಾರ ಬೆಳಿಗ್ಗೆ ಶಶಿಕಾಂತ್ ಗೇಟು ತೆಗೆದ. ಗೇಟು ಕಿರ್ ಎನ್ನಲಿಲ್ಲ. ಒಂಬತ್ತು ವರ್ಷದಿಂದ ಬೀದಿಯನ್ನೇ ಎಬ್ಬಿಸುತ್ತಿದ್ದ ಗೇಟದು. ವರಾಂಡದಲ್ಲಿ ಸೊಣ್ಣಮ್ಮ ಉಯ್ಯಾಲೆಯ ಮೇಲೆ ತೂಗಿಕೊಳ್ಳುತ್ತಿದ್ದಳು. ಉಯ್ಯಾಲೆಯ ಸರಪಳಿಯದೂ ಸದ್ದಿಲ್ಲ. ಶಶಿಕಾಂತ್ ಉಯ್ಯಾಲೆಯತ್ತ ಧಾವಿಸಿದ.

“ಸೊಣ್ಣಮ್ಮೋರೇ, ನನ್ನ ಬಾಟಲಿ?”

“ಒಳ್ಳೆ ಸಾಮಾನು ಕಣಪ್ಪ! ತುಕ್ಕಿಗೆ ಮದ್ದು ಬತ್ತದೆ ಅಂತ ನೀನೇ ಅಂದಿದ್ದಲ್ಲ. ಗೇಟಿಗೆ ಹಾಕ್ದೆ, ಉಯ್ಯಾಲೆಗೆ ಹಾಕ್ದೆ. ಕಿಟ್ಟಿ ಹೆಂಡ್ರು ಹೊಲಿಗೆ ಮಿಷನ್ನಿಗೆ ಅಂತ ಒಂದ್ ಲೋಟ ತಕ್ಕೊಂಡೋದ್ಲು. ಮೂಲೆ ಅಂಗಡಿಯೋನು ಷಟರಿಗೆ ಬೇಕು ಅಂದ. ಇನ್ನೂ ಐತೆ ತಗೋ.”

ಬಾಟಲಿಯ ತಳದಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು. ಶಶಿಕಾಂತ್ ಮೆಟ್ಟಿಲ ಮೇಲೆ ಕೂತ. ಬೈಯೋಣವೆಂದರೆ ಮನೆ ಮಾಲೀಕರ ಹೆಂಡತಿ, ಅಳೋಣವೆಂದರೆ ಐವತ್ತು ವರ್ಷ ವಯಸ್ಸು. ಬಾಟಲಿ ಅಲ್ಲೇ ಬಿಟ್ಟು, ಹೆಂಡತಿಗೆ ಹೇಳಲು ಮೇಲೆ ಹೋದ. ಅವಳು ಹೊಸ ಸೀರೆ ಉಟ್ಟು, ತಲೆಗೆ ಗಾಳಿ ಹೊಡೆಯದಂತೆ ಸ್ಕಾರ್ಫ್ ಕಟ್ಟಿ ಕೂತಿದ್ದಳು. ಅದನ್ನು ನೋಡಿ ಅವನು ಹಾಗೇ ಕೆಳಗೆ ಬಂದ.

ಬಾಟಲಿ ಕಂಠದವರೆಗೆ ತುಂಬಿತ್ತು.

“ಇದೇನಿದು?” ಎಂದ.

“ಹರಳೆಣ್ಣೆ,” ಎಂದಳು ಸೊಣ್ಣಮ್ಮ. “ನಮ್ಮಕ್ಕ ಕೈಯಾರ ಕಾಯ್ಸಿದ್ದು. ಇಸ್ಕೊಂಡ ಪಾತ್ರೆ ಬರಿದಾಗಿ ವಾಪಸ್ ಕೊಡಬಾರ್ದು ಕಣಪ್ಪ. ಮನೆಗೆ ಒಳ್ಳೇದಲ್ಲ.”

ಇನ್ನೊಂದು ಬಾಟಲಿ ತರಿಸಲು ಮೂರು ವಾರ ಬೇಕು. ಬೇರೆ ದಾರಿ ಕಾಣದೆ ಅದನ್ನೇ ಚೀಲಕ್ಕೆ ಹಾಕಿಕೊಂಡ. ಹತ್ತು ಗಂಟೆಗೆ ಎಲ್ಲರೂ ಅವನ ಕಾರಿನಲ್ಲಿ ತುಂಬಿಕೊಂಡರು. ಮುಂದೆ ರಾಮಯ್ಯನವರು, ಹಿಂದೆ ಐಶ್ವರ್ಯ, ಸೊಣ್ಣಮ್ಮ, ಕ್ಯಾಮೆರಾ ನೇತುಹಾಕಿಕೊಂಡ ಕಿಟ್ಟಿ, ಎಲ್ಲರ ಮಡಿಲಿನ ಮೇಲೂ ಚಿತ್ರಾನ್ನದ ಡಬ್ಬಿ. ಹುಳಿಮಾವು ದಾಟುವಾಗ ಕಿಟ್ಟಿ, “ನೋಡಿ ರಾಮಣ್ಣ, ಹೊಲಿಗೆ ಮಿಷನ್ ಹೂವಿನ ಥರ ಓಡ್ತಿದೆ. ಔಷಧ ಕೆಲ್ಸ ಮಾಡತ್ತೆ ಅಂತ ಇನ್ನೇನ್ ಪ್ರೂಫ್ ಬೇಕು?” ಎಂದ. ರಾಮಯ್ಯನವರು, “ಗೇಟು ಹಾರಾಡ್ತದೇನ್ಲಾ?” ಎಂದರು.

ಮೈದಾನದಲ್ಲಿ ಕಾಯುತ್ತಿದ್ದ ವಿಜಯಕುಮಾರ್ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಸಣಕಲು ಮನುಷ್ಯ. ರೋಗಿಯ ಕಡೆಯವರನ್ನು ವಿಚಾರಿಸುವ ಡಾಕ್ಟರರ ಹಾಗೆ ಶುರುಮಾಡಿದರು.

“ಎಷ್ಟು ದಿನದಿಂದ ಹಾರಿಲ್ಲ?”

“ಹದಿನಾಲ್ಕು ತಿಂಗಳು ಸಾರ್. ಆದ್ರೆ ಪ್ರತಿ ಶುಕ್ರವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿಸ್ತಿದೀವಿ,” ಎಂದ ಶಶಿಕಾಂತ್ ಹೆಮ್ಮೆಯಿಂದ.

“ಅಯ್ಯೋ ಶಿವನೇ! ಈ ಐಡಿಯಾ ಯಾರದು?”

ಎಲ್ಲರೂ ಒಟ್ಟಿಗೆ ಶಶಿಕಾಂತನನ್ನು ತೋರಿಸಿದರು.

“ಬಿಸಿ ಅನ್ನ ಡಬ್ಬೀಲಿ ಹಾಕಿ ಮುಚ್ಚಿದ್ರೆ ಮುಚ್ಚಳ ಬೆವರಲ್ವಾ? ಹಾಗೇ ಇದೂ. ಹತ್ತು ನಿಮಿಷ ಓಡಿಸಿ ನಿಲ್ಲಿಸಿದ್ರೆ ನೀರಿನಂಶ ಒಳಗೇ ನಿಲ್ಲತ್ತೆ. ಅದಕ್ಕಿಂತ ಮುಟ್ಟದೇ ಬಿಟ್ಟಿದ್ರೇ ವಾಸಿ. ಒಳಗೆಲ್ಲ ತುಕ್ಕೇ ಇರತ್ತೆ, ಬರೆದು ಕೊಡ್ತೀನಿ.”

ಶಶಿಕಾಂತನ ಕಣ್ಣ ಮುಂದೆ ವಿಮಾನದ ಕಿಟಕಿಯಿಂದ ಹೋಟೆಲಿನ ಸಪ್ಲೈಯರ್ ಚಟ್ನಿ ಬಡಿಸುವುದು ಕಂಡಿತು. ತನ್ನ ವಿಮಾನವನ್ನು ತಾನೇ ಕೈಯಾರೆ ಕೊಂದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ವಿಜಯಕುಮಾರ್ ಇಂಜಿನ್ನಿನ ಒಂದು ಭಾಗ ಬಿಚ್ಚಿ, ತೆಳ್ಳನೆಯ ತಂತಿಯ ತುದಿಯಲ್ಲಿದ್ದ ಕ್ಯಾಮೆರಾವನ್ನು ಒಳಗೆ ಇಳಿಸಿದರು. ಪರದೆಯ ಮೇಲೆ ಒಳಭಾಗ ಮೂಡಿತು. ಹುಣಸೆಹಣ್ಣು ಹಾಕಿ ತಿಕ್ಕಿದ ಬೆಳ್ಳಿಯ ಲೋಟದಂತೆ ಫಳಫಳ! ವಿಜಯಕುಮಾರ್ ಕನ್ನಡಕ ಒರೆಸಿ ಮತ್ತೆ ನೋಡಿದರು.

“ಒಂದು ಚುಕ್ಕಿ ತುಕ್ಕಿಲ್ಲ! ನಲವತ್ತು ವರ್ಷದ ಸರ್ವಿಸ್‌ನಲ್ಲಿ ಇಂಥದ್ದು ನೋಡಿಲ್ಲ ನಾನು.”

“ಶುಕ್ರವಾರದ ಪೂಜೆ ಸಾರ್!” ಎಂದು ಶಶಿಕಾಂತ್ ಕೈಮುಗಿದ. ಐಶ್ವರ್ಯ ಸ್ಕಾರ್ಫ್ ಬಿಗಿ ಮಾಡಿಕೊಂಡಳು.

ವಿಜಯಕುಮಾರ್ ಮಾತ್ರ ಪೂಜೆಯನ್ನು ನಂಬುವವರಂತೆ ಕಾಣಲಿಲ್ಲ. ಮೋಹಿತನಿಂದ ವಿಮಾನದ ದಾಖಲೆ ಪುಸ್ತಕ ಇಸಿದುಕೊಂಡು ಹಾಳೆ ತಿರುವಿದರು. “ಹಾರೇ ಇಲ್ಲ ಅಂದ್ರಲ್ಲ ಸ್ವಾಮಿ, ಇದರಲ್ಲಿ ನೂರು ಗಂಟೆ ಹಾರಾಟ ಬರ್ದಿದೆ! ವಾರಕ್ಕೆ ಎರಡು ಸಲ!”

ಮೋಹಿತ್ ಆಕಾಶ ನೋಡುತ್ತಾ, “ಸಾರ್, ಪ್ರತಿ ಶುಕ್ರವಾರ ‘ಸ್ಟಾರ್ಟ್ ಮಾಡಿದೆ’ ಅಂತ ನಿಮಗೆ ಮೆಸೇಜ್ ಹಾಕ್ತಿದ್ನಲ್ಲ, ಅದು ಸುಳ್ಳಲ್ಲ. ಮಿಕ್ಕ ದಿನದ್ದು ನೀವು ಕೇಳ್ಲಿಲ್ಲ,” ಎಂದ.

ಶಶಿಕಾಂತ್ ತನ್ನ ಪಾಲುದಾರರ ಕಡೆ ತಿರುಗಿದ. ರಾಮಯ್ಯನವರು ಕೆಮ್ಮಿದರು.

“ಮೊಮ್ಮಕ್ಕಳು ಹಟ ಮಾಡಿದ್ವು ಕಣಪ್ಪ. ಮಂಗಳವಾರ ಮಂಗಳವಾರ ಒಂದ್ ರೌಂಡು. ನಿಂಗೆ ಹೇಳಿದ್ರೆ ರೂಲ್ಸು ಅಂತೀಯ.”

“ನಂದು ಗುರುವಾರ ಗುರು,” ಎಂದ ಕಿಟ್ಟಿ. “ಮದುವೆ ಜೋಡಿಗಳ ಶೂಟಿಂಗ್. ಮೇಲೆ ಮೋಡ ಸಖತ್ತಾಗಿ ಬರತ್ತೆ.”

ಹದಿನಾಲ್ಕು ತಿಂಗಳು ನಿಯಮ ಪಾಲಿಸಿದವನು ನಿಯಮ ಮಾಡಿದವನೊಬ್ಬನೇ. ಶಶಿಕಾಂತನಿಗೆ ಸಿಟ್ಟು ನೆತ್ತಿಗೇರಿತು. ಆದರೆ ವಿಮಾನ ಉಳಿಯಿತಲ್ಲ ಎಂಬ ಸಂತೋಷವೂ ಜೊತೆಗೇ ಏರಿ, ಸಿಟ್ಟಿಗೆ ಜಾಗ ಸಾಲಲಿಲ್ಲ. “ಹೋಗ್ಲಿ ಬಿಡಿ. ಮೋಹಿತ್, ತೆಗೀರಿ ವಿಮಾನ. ಈಗ ನಮ್ಮ ಸರದಿ,” ಎಂದ.

“ಯಾವ ಸರದಿ?” ಎಂದರು ವಿಜಯಕುಮಾರ್. “ನೂರು ಗಂಟೆ ಆದ್ಮೇಲೆ ಪೂರ್ತಿ ತಪಾಸಣೆ ಆಗದೆ ಒಂದಡಿ ಮೇಲೇಳೋ ಹಾಗಿಲ್ಲ. ಒಂದು ಭಾಗ ಬದಲಾಯಿಸ್ಬೇಕು, ಅದು ಹೊರದೇಶದಿಂದ ಬರ್ಬೇಕು. ಎರಡು ತಿಂಗಳು ಇಲ್ಲೇ ನಿಲ್ಲತ್ತೆ. ಹಾರೋ ಇಂಜಿನ್‌ಗೆ ಹಾರೋದೇ ಔಷಧ. ನಿಂತ ಇಂಜಿನ್‌ಗೆ ನಿಮ್ಮ ಬಾಟಲಿ ಒಂದಿಷ್ಟು ಸಹಾಯ ಮಾಡತ್ತೆ. ಈಗ ಬೇಕು ಅದು, ಕೊಡಿ.”

ಶಶಿಕಾಂತ್ ತಲೆತಗ್ಗಿಸಿ ಬಾಟಲಿ ಕೊಟ್ಟು ಇದ್ದದ್ದನ್ನು ಇದ್ದಹಾಗೆ ಹೇಳಿದ. ವಿಜಯಕುಮಾರ್ ಮೂಸಿ ನೋಡಿ ಬಿದ್ದುಬಿದ್ದು ನಕ್ಕರು. “ನೂರು ವರ್ಷದ ಹಿಂದೆ ಯುದ್ಧವಿಮಾನಕ್ಕೆ ಹರಳೆಣ್ಣೆನೇ ಹಾಕ್ತಿದ್ರು. ಪೈಲಟ್‌ಗಳಿಗೆ ಹೊಟ್ಟೆ ಕೆಡ್ತಿತ್ತಂತೆ, ಅಷ್ಟೇ. ಈ ಇಂಜಿನ್‌ಗೆ ಮಾತ್ರ ಬೇಡ ತಾಯಿ.”

“ನೋಡಿದ್ಯಾ ಶಶಿಯಪ್ಪ?” ಎಂದಳು ಸೊಣ್ಣಮ್ಮ, ಪದಕ ಗೆದ್ದವಳಂತೆ. ಎಲ್ಲರೂ ರೆಕ್ಕೆಯ ನೆರಳಲ್ಲಿ ಚಿತ್ರಾನ್ನಕ್ಕೆ ಕೂತರು.

ಶಶಿಕಾಂತ್ ತನ್ನ ತಟ್ಟೆಯೊಂದಿಗೆ ದೂರ ಕೂತ. ಐಶ್ವರ್ಯ ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ಅವಳ ಮುಖ ನೋಡಲೂ ಅವನಿಗೆ ನಾಚಿಕೆ.

“ಮೊದಲ ಸವಾರಿ ನಿಂದೇ ಅಂದಿದ್ದೆ. ಮಾತು ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಕಣೆ.”

“ರೀ, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ಶ್ರಾವಣದಲ್ಲಿ ಸೊಣ್ಣಮ್ಮೋರ ಜೊತೆ ಅರಿಶಿನ ಕುಂಕುಮಕ್ಕೆ ಹೋಗ್ತೀನಿ ಅಂದಿದ್ನಲ್ಲ… ಇಲ್ಲಿಗೇ ಬಂದಿದ್ದು. ಒಂದು ಸೀಟು ಖಾಲಿ ಇತ್ತು.”

ಅವನು ತುತ್ತು ಕೈಯಲ್ಲಿ ಹಿಡಿದೇ ಕೂತ. “ಒಂದು ಸಲ ತಾನೇ?”

“ನಾಲ್ಕು ಮಂಗಳವಾರ. ಮಂಗಳಗೌರಿ ಅಲ್ವಾ, ಮಧ್ಯದಲ್ಲಿ ಬಿಡಬಾರ್ದು. ನೀವು ನೊಂದ್ಕೋತೀರಿ ಅಂತ ಹೇಳ್ಲಿಲ್ಲ. ನೀವು ಕರ್ಕೊಂಡು ಹೋಗೋವಾಗ ಹೊಸದಾಗಿ ಹೆದರ್ಕೋತೀನಿ, ನಿಮ್ಮಾಣೆ.”

ಅವನು ಆಸೆ ತಡೆಯದೆ ಕೇಳಿದ:

“ಮೇಲಿಂದ ನಮ್ಮನೆ ಕಾಣ್ತಾ?”

“ಕಾಣ್ದೇ ಏನು! ಕೆರೆ ಪಕ್ಕದಲ್ಲೇ. ನೀವು ಟೆರೇಸ್ ಮೇಲೆ ನಿಂತು ಎರಡು ಕೈನೂ ಎತ್ತಿ ಬೀಸ್ತಿದ್ರಿ. ನಂಗಂತೂ ಕಣ್ಣಲ್ಲಿ ನೀರೇ ಬಂತು. ನಾನೂ ಸೊಣ್ಣಮ್ಮೋರೂ ಟಾಟಾ ಮಾಡಿದ್ವಿ.”

ಶಶಿಕಾಂತ್ ತಟ್ಟೆ ಕೆಳಗಿಟ್ಟ.

“ಅದು ಬೀಸಿದ್ದಲ್ಲ ಕಣೆ,” ಎಂದ. “ಯಾವನೋ ರೂಲ್ಸು ಗೀಲ್ಸು ಇಲ್ಲದೆ ತಲೆ ಮೇಲೆ ಹಾರಿಸ್ತಿದಾನೆ, ಇಳಿಯೋ ಕೆಳಗೆ ಅಂತ ಬೈತಿದ್ದೆ.”