ಒಂದು ಕುರ್ಚಿ, ಮೂವರು ಅಧ್ಯಕ್ಷರು

ಸಭೆ ನಡೆಸುವವನಿಗೆ ಖಾಲಿ ಜಾಗ ಕಂಡರೆ ಭಯ. ತುಂಬಿದ ಜಾಗ ಕಂಡರೆ ಇನ್ನೂ ಭಯ. ಈ ಎರಡನೆಯ ಭಯದ ಪರಿಚಯ ನನಗಾದದ್ದು ಹುಬ್ಬಳ್ಳಿಯಲ್ಲಿ, ನಮ್ಮ ಓಣಿಯ ವಾಚನಾಲಯಕ್ಕೆ ನಾನು ಕಾರ್ಯದರ್ಶಿಯಾಗಿದ್ದಾಗ. ನಾಡಹಬ್ಬದ ಭಾಷಣಗಳಿಗೆ, ನಮ್ಮ ಕಡೆಯ ಮಾತಿನಲ್ಲಿ ವ್ಯಾಖ್ಯಾನಗಳಿಗೆ, ನಮ್ಮ ಓಣಿಯವರಷ್ಟೇ ಬರುತ್ತಿದ್ದರು, ಅವರೂ ಗೋಡೆಗೆ ಒರಗುವ ಜಾಗದ ಆಸೆಗೆ. ಊರನ್ನು ಕೂಡಿಸುವ ಹಬ್ಬಕ್ಕೆ ಪಕ್ಕದ ಓಣಿಯೂ ಬರದಿದ್ದರೆ ಹೇಗೆ? ಆ ವರ್ಷ ಮೊದಲ ದಿನ ಬೇರೆ ಓಣಿಗಳ ಜನ ಕಾಣದಿದ್ದರೆ ಉಳಿದ ವ್ಯಾಖ್ಯಾನಗಳೆಲ್ಲ ರದ್ದು ಎಂದು ಕಮಿಟಿ ಹೇಳಿಬಿಟ್ಟಿತು.

ಒಂದು ಓಣಿ ಬರಬೇಕಾದರೆ ಅದರ ಹಿರಿಯರು ಬರಬೇಕು. ಹಿರಿಯರು ಬರಬೇಕಾದರೆ ಅಧ್ಯಕ್ಷರಾಗಿಯೇ ಬರಬೇಕು. ಆದರೆ ‘ಆಗಲಿ’ ಎಂದ ಹಿರಿಯರಿಗೆ ಅದೇ ಸಂಜೆ ಎಲ್ಲೋ ಲಗ್ನವಿರುತ್ತದೆ, ಇಲ್ಲವೇ ಮೊಣಕಾಲು ಹಿಡಿದುಕೊಳ್ಳುತ್ತದೆ. ಅದಕ್ಕೇ ಮೂವರನ್ನು ಕೇಳಿದರೆ ಒಬ್ಬರು ಸಿಗುತ್ತಾರೆಂಬುದು ಕಾರ್ಯದರ್ಶಿಗಳ ಹಳೆಯ ನಂಬಿಕೆ. ಹತ್ತಿ ವ್ಯಾಪಾರದ ಶಿವಪ್ಪನವರನ್ನು ಕೇಳಿದೆ. ಬಳೆಯಂಗಡಿಯ ಇಮಾಮಸಾಹೇಬರನ್ನು ಕೇಳಿದೆ. ನಿವೃತ್ತ ಮಾಸ್ತರರಾದ ರಾಯರನ್ನೂ ಕೇಳಿದೆ. ಮೊದಲ ದಿನ ಮೂವರೂ ಬಂದರು. ಅವರ ಹಿಂದೆ ಅವರವರ ಮೂರು ಓಣಿಗಳೂ ಬಂದವು. ವೇದಿಕೆಯ ಮೇಲೆ ಅಧ್ಯಕ್ಷರ ಕುರ್ಚಿ ಮಾತ್ರ ಒಂದೇ.

ಆಗ ಮಳೆ ಬರುತ್ತಿತ್ತೆಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಯೋಚಿಸಿದರೆ ಅದು ನನ್ನ ಬೆವರೇ ಇರಬೇಕು. ಒಬ್ಬರಿಗೆ ಅಪಮಾನವಾದರೂ ಒಂದು ಓಣಿ ಎದ್ದುಹೋಗುತ್ತದೆ! ಮೂವರೂ ಕುರ್ಚಿಯ ಹತ್ತಿರ ಬಂದರು, ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕಂದೀಲಿನ ಬತ್ತಿ ಸರಿಮಾಡತೊಡಗಿದೆ. ಅದು ಸರಿಯಾಗಿಯೇ ಇತ್ತು.

ಜಗಳವಾಗಿದ್ದರೆ ಯಾರಾದರೂ ಬಿಡಿಸುತ್ತಿದ್ದರು. ಆದದ್ದು ಮರ್ಯಾದೆ.

“ಕೂಡ್ರಿ ಸಾಹೇಬ್ರ, ನೀವು ಹಿರ್ಯಾರು,” ಎಂದರು ಶಿವಪ್ಪನವರು.

“ತೋಬಾ ತೋಬಾ! ಮಾಸ್ತರು ನಿಂತಾಗ ನಾ ಹ್ಯಾಂಗ ಕೂಡ್ಲಿ? ನಮ್ಮ ಹುಡುಗರಿಗೆ ಅಕ್ಷರಾ ಕಲಿಸ್ಯಾರ,” ಎಂದರು ಸಾಹೇಬರು.

“ನಾ ಏನ ಕಲಿಸಿದ್ನೋ, ಅವ್ರು ಏನ ಕಲತ್ರೋ! ಶಿವಪ್ಪನವರ, ನೀವಽ ಕೂತುಬಿಡ್ರಿ,” ಎಂದರು ರಾಯರು.

ಸುತ್ತು ಮುಗಿದು ಮತ್ತೆ ಶುರುವಾಯಿತು. ಅಧ್ಯಕ್ಷರು ಕೂಡದೆ ಸಭೆ ಆರಂಭವಾಗುವಂತಿಲ್ಲ. ವ್ಯಾಖ್ಯಾನಕ್ಕೆಂದು ಧಾರವಾಡದಿಂದ ಬಂದಿದ್ದ ಪ್ರೊಫೆಸರರು ವಾಪಸು ಗಾಡಿ ಹಿಡಿಯುವ ಚಿಂತೆಯಲ್ಲಿ ಗಡಿಯಾರ ತೆಗೆತೆಗೆದು ನೋಡುತ್ತಿದ್ದರು. ಜನ ಮಾತ್ರ ಒಬ್ಬರೂ ಏಳಲಿಲ್ಲ. ಮೂರೂ ಓಣಿಗಳು ಒಂದೇ ಜಮಖಾನೆಯ ಮೇಲೆ ಕಲೆತು, ತಮ್ಮವರು ಸೋಲಬಾರದೆಂದು ಉಸಿರು ಹಿಡಿದು ಕೂತಿದ್ದವು. ಸೋಲುವುದೆಂದರೆ ಇಲ್ಲಿ ಕುರ್ಚಿಯ ಮೇಲೆ ಕೂಡುವುದು.

ಕಡೆಗೆ ಜಮಖಾನೆಯಿಂದ ಯಾರೋ ಕೂಗಿದರು: “ಮೂರೂ ಮಂದೀನ್ನ ಕರದಾವನ್ನಽ ಕೂಡ್ರಸ್ರಿ!”

ಮೂವರೂ ಒಟ್ಟಿಗೆ ನನ್ನ ಹೆಗಲು ಹಿಡಿದು ಕುರ್ಚಿಗೆ ಒತ್ತಿದರು. “ಅಲ್ಲಾಡಬ್ಯಾಡ್ರಿ ಅಧ್ಯಕ್ಷರ,” ಎಂದರು ಸಾಹೇಬರು. ಸೂಚನೆ ಶಿವಪ್ಪನವರದು, ಅನುಮೋದನೆ ಸಾಹೇಬರದು, ಹಾರ ಹಾಕಿದ್ದು ರಾಯರು. ಪ್ರೊಫೆಸರರು ಯಾವ ವಿಷಯದ ಮೇಲೆ ಮಾತಾಡಿದರೋ ತಿಳಿಯದು. ನನ್ನ ಸಮಾರೋಪ ಭಾಷಣ ಕೇಳಿದವರಿಗೂ ತಿಳಿದಿರಲಿಕ್ಕಿಲ್ಲ.

ಪಾನಸುಪಾರಿ ಹಂಚುವಾಗ ರಾಯರು ಕೇಳಿದರು, “ನಾಳಿನ ಅಧ್ಯಕ್ಷತೆಗೆ ಯಾರ್ಯಾರಿಗೆ ಹೇಳೀರಿ?”

“ಯಾರಿಗರೆ ಹೇಳ್ಲಿ ಬಿಡ್ರಿ,” ಎಂದರು ಶಿವಪ್ಪನವರು. “ಈ ಮಜಾ ನೋಡಾಕ ನಮ್ಮ ಓಣ್ಯಾವ್ರು ದಿನಾ ಬರಾವ್ರಽ.”

ವ್ಯಾಖ್ಯಾನಗಳು ಉಳಿದವು. ಎಂಥ ಅವಮಾನದಿಂದ ಪಾರಾಗಿದ್ದೆ! ನೆಟ್ಟಗೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆನೆಂದೇ ಬರೆಯಬೇಕೆಂದಿದ್ದೆ. ಆದರೆ ಹಾರವನ್ನು ಕೊರಳಿನಿಂದ ತೆಗೆದಿರಲಿಲ್ಲ. ಮೂರೂ ಓಣಿ ಸುತ್ತಿಕೊಂಡೇ ಮನೆಗೆ ಹೋದೆ.