ಅತ್ತೆಯ ಬಸ್ಕಿ

ಕಾಯಿಲೆಯವರಿಗೆ ವಿಶ್ರಾಂತಿ ಬೇಕು ಎನ್ನುತ್ತಾರೆ. ನಮ್ಮ ಸೋದರತ್ತೆಯ ವಿಷಯದಲ್ಲಿ ವಿಶ್ರಾಂತಿ ಸಿಗದೆ ಬಳಲಿದ್ದು ಅತ್ತೆಯಲ್ಲ, ಅವಳ ಕಾಯಿಲೆಗಳು! ಮೂವತ್ತು ವರ್ಷದ ಕೀಲುವಾತ, ಅದರ ಬೆನ್ನಿಗೆ ಸಕ್ಕರೆ ಕಾಯಿಲೆ, ಸಾಲದ್ದಕ್ಕೆ ಶೇಂಗಾ ತುಂಬಿದ ಗಾಡಿಯಿಂದ ಬಿದ್ದು ಮುರಿದುಕೊಂಡ ಎಡಮಂಡಿ. ಇಷ್ಟನ್ನೂ ಹೊತ್ತುಕೊಂಡು ಧರ್ಮಪುರದ ಮನೆಯಲ್ಲಿ ದಿನಕ್ಕೆ ಐವತ್ತು ಬಸ್ಕಿ ಹೊಡೆಯುವ ಅರವತ್ತೆಂಟರ ಹೆಂಗಸನ್ನು ಏನೆಂದು ಕರೆಯುವುದು? ನಾವು 'ಪೈಲ್ವಾನ್ ಅತ್ತೆ' ಎಂದೆವು. ಬೆನ್ನ ಹಿಂದೆ ಬೇಕಾದಷ್ಟು ನಕ್ಕೆವು. ನಕ್ಕವರಲ್ಲಿ ಮೊದಲಿಗ ನಾನೇ ಎಂದು ಈಗ ಹೇಳಿಕೊಳ್ಳಲು ನಾಲಿಗೆ ತಡವರಿಸುತ್ತದೆ.

"ಇದನ್ನೆಲ್ಲಿ ಕಲಿತೆ ಅತ್ತೆ?" ಎಂದು ಕೇಳಿದ್ದೆ.

"ಇಸ್ಕೂಲಾಗೆ. ಮಗ್ಗಿ ಬರಲಿಲ್ಲ ಅಂತ ಮೇಷ್ಟ್ರು ದಿನಾ ಹೊಡೆಸ್ತಿದ್ರು. ಮಗ್ಗಿ ಇನ್ನೂ ಬಂದಿಲ್ಲ, ಬಸ್ಕಿ ಬಂತು!"

ಒಮ್ಮೆ ಹಿರಿಯೂರಿನ ಡಾಕ್ಟರ ಬಳಿ ಕರೆದೊಯ್ದೆ. ಎಕ್ಸರೇ ನೋಡಿ ಅವರೇ ಗಾಬರಿಯಾದರು. "ಅಮ್ಮಾ, ಈ ಮಂಡಿ ಇಟ್ಕೊಂಡು ನೀವು ನಡೀತಿರೋದೇ ದೊಡ್ಡದು." ಅತ್ತೆ ಎದ್ದವಳೇ ಮೇಜಿನ ಅಂಚು ಹಿಡಿದು ಹತ್ತು ಬಸ್ಕಿ ಹೊಡೆದಳು. "ಈಗ ನೀವೊಂದು ಹತ್ತು ಹೊಡೀರಿ, ನೋಡಾಣ!" ಡಾಕ್ಟರು ತಮ್ಮ ಹೊಟ್ಟೆಯ ಕಡೆಗೊಮ್ಮೆ ನೋಡಿಕೊಂಡು, ಮುಂದಿನವರನ್ನು ಕರೆಯಲು ಬೆಲ್ ಒತ್ತಿದರು.

ಬಸ್ಸಿನಲ್ಲಂತೂ ಸೀಟು ಖಾಲಿಯಿದ್ದರೂ ಕೂರುವವಳಲ್ಲ. ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಇಳಿಸುವುದು.

"ಅಜ್ಜೀ, ಯಾವ ಸ್ಟಾಪ್ ಹುಡುಕ್ತಿದೀರಿ? ಬಂದ್ರೆ ಹೇಳ್ತೀನಿ, ಕುಂತ್ಕಳ್ರಿ" ಎಂದ ಕಂಡಕ್ಟರ್.

ನಾನು ಅವಳ ಕಡೆಯವನೇ ಅಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಹೋದ ವರ್ಷ ನನ್ನ ಮಗಳನ್ನು ನೋಡಲು ಹೊಸದುರ್ಗದಿಂದ ಗಂಡಿನ ಕಡೆಯವರು ಚಿತ್ರದುರ್ಗದ ನಮ್ಮ ಮನೆಗೆ ಬರುವವರಿದ್ದರು. ಅತ್ತೆ ಮೂರು ದಿನ ಮೊದಲೇ ಬಂದಿಳಿದಿದ್ದಳು. ನನಗೋ ಜೀವ ಪುಕುಪುಕು. ಬೀಗರಾಗುವವರ ಎದುರು ಇವಳು ಗೋಡೆಗೆ ಕೈಯೂರಿ ದಂಡ ಹೊಡೆದರೆ ಗತಿಯೇನು!

"ಅತ್ತೆ, ಅವರು ಹೋಗೋ ತನಕ ಸುಮ್ನೆ ಕುಂತ್ಕಂಡಿರು. ಮರ್ಯಾದೆ ಪ್ರಶ್ನೆ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಆಗ್ಲಪ್ಪ."

ಹತ್ತಕ್ಕೆ ಬಂದವರು ಊಟ, ಮಾತು, ಕಾಫಿ ಎಲ್ಲ ಮುಗಿಸಿ ಹೊರಟಾಗ ಸಂಜೆ ಐದು. ಅತ್ತೆ ಅಷ್ಟು ಹೊತ್ತೂ ಮೂಲೆಯ ಕುರ್ಚಿ ಬಿಟ್ಟೇಳಲಿಲ್ಲ. ಊಟದ ತಟ್ಟೆಯೂ ಅಲ್ಲಿಗೇ ಹೋಯಿತು. "ನಿಮ್ಮತ್ತೆ ಬಲು ಗಂಭೀರದೋರು ಕಣ್ರಿ" ಎಂದು ಹುಡುಗನ ತಾಯಿ ಹೊಗಳಿದಾಗ ನಾನು ಉಬ್ಬಿಹೋದೆ.

ಗೇಟಿನವರೆಗೆ ಹೋಗಿ ಕಳಿಸಿ ಬಂದರೆ ಅತ್ತೆ ಇನ್ನೂ ಅಲ್ಲೇ ಇದ್ದಳು. ಕುರ್ಚಿಯ ತೋಳಿಗೆ ಕೈಯೂರಿ ಏಳಲು ನೋಡುತ್ತಿದ್ದಳು; ಅರ್ಧ ಎದ್ದು ಮತ್ತೆ ಕುಸಿಯುತ್ತಿದ್ದಳು.

"ಏನು ಪೈಲ್ವಾನ್ರೇ, ಏಳ್ರಿ!" ಎಂದು ನಕ್ಕೆ. ಹೌದು, ಆಗಲೂ ನಕ್ಕೆ.

ಅವಳು ನಗಲಿಲ್ಲ. ಹಣೆಯೆಲ್ಲ ಬೆವರಿತ್ತು. "ಕೀಲೆಲ್ಲ ಬಿಗಿದೈತೆ ಕಣೋ. ಇಷ್ಟೊತ್ತು ಕುಂತ್ರೆ ಹಿಂಗೇ ಆಗಾದು."

"ಮತ್ತೆ ನಂಗೆ ಹೇಳಬಾರದಿತ್ತಾ?"

"ಮರ್ಯಾದೆ ಅಂದ್ಯಲ್ಲ."

ಹೆಂಡತಿಯೂ ನಾನೂ ಸೇರಿ ಎತ್ತಿ ಕೋಣೆಗೆ ಕರೆದೊಯ್ದೆವು. ಬಿಸಿನೀರಿನ ಬಟ್ಟೆಯಿಂದ ಮಂಡಿಗೆ ಶಾಖ ಕೊಡುತ್ತಾ ಕುಳಿತೆ. ಗೋಡೆ ನೋಡುತ್ತಲೇ ಅತ್ತೆ ಹೇಳಿದಳು: "ದಿನಾ ಬೆಳಿಗ್ಗೆ ಹಿಂಗೇ ಏಳ್ತೀನಿ. ಮೊದಲ್ನೇ ಐದು ಬಸ್ಕಿ ಬಾಗಲು ಹಾಕ್ಕಂಡು ಹೊಡೀತೀನಿ. ಅಳು ಬರ್ತೈತೆ. ನೀವೆಲ್ಲ ನೋಡಾದು ಆಮೇಲಿಂದು."

ಇಪ್ಪತ್ತು ವರ್ಷ ನಾನು ನೋಡಿ ನಕ್ಕಿದ್ದು ಆಮೇಲಿನದನ್ನು!

ಮರುದಿನ ಬೆಳಿಗ್ಗೆ ಆರಕ್ಕೆ ಅವಳ ಕೋಣೆಯ ಬಾಗಿಲು ಹಾಕಿತ್ತು. ತಟ್ಟಿದೆ.

"ಯಾರು?"

"ನಾನೇ ಅತ್ತೆ. ಬಾಗಿಲು ತೆಗಿ. ಕೈ ಹಿಡ್ಕಂತೀನಿ."

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಗೋಡೆ ಹಿಡಿದುಕೊಂಡು ಬರುವ ಹೆಜ್ಜೆ, ನಿಂತು ನಿಂತು, ಹತ್ತಿರವಾಯಿತು. ಚಿಲಕ ಸರಿಯಿತು.